ಗುರುತಿಲ್ಲದವರು ತಿದ್ದಿದ ಒಂದು ಸಾಲು

ಕಳೆದ ವಾರ ಉಡುಪಿ ಹತ್ತಿರದ ಸೇಂಟ್ ಮೇರಿಸ್ ದ್ವೀಪದ ಹಳೆ ಫೋಟೊ ಒಂದನ್ನು ಹಾಕಿದ್ದೆ. ಮಳೆಗಾಲದಲ್ಲಿ ಮಲ್ಪೆಯಿಂದ ದೋಣಿ ಬಿಡುವುದಿಲ್ಲ, ಹಳೆಯದನ್ನೇ ನೋಡಿ ಸಮಾಧಾನ ಮಾಡಿಕೊಳ್ಳಬೇಕು. ಕೆಳಗೆ ‘ಡೆಕ್ಕನ್ ಲಾವಾ ಹರಿದು ಆದ ಬಸಾಲ್ಟ್ ಕಂಬಗಳು’ ಎಂದು ಬರೆದಿದ್ದೆ. ದಖ್ಖನ್ ಪ್ರಸ್ಥಭೂಮಿಯ ಮೇಲೆ ಹರಿದ ಲಾವಾ, ಅದು ತಣಿದು ಆದ ಕಪ್ಪು ಕಲ್ಲು ಬಸಾಲ್ಟ್. ಚಿಕ್ಕಂದಿನಿಂದ ಹಾಗೇ ಕೇಳಿದ್ದು, ಅನುಮಾನವೇ ಇರಲಿಲ್ಲ.

ಒಂದು ಗಂಟೆಯೊಳಗೆ, ಗುರುತು ಪರಿಚಯ ಇಲ್ಲದ ಒಬ್ಬರು ಬರೆದರು: ‘ಫೋಟೊ ಚೆನ್ನಾಗಿದೆ ಅಕ್ಕ. ಒಂದು ಸಣ್ಣ ತಿದ್ದುಪಡಿ. ಈ ಕಲ್ಲು ಬಸಾಲ್ಟ್ ಅಲ್ಲ, ರಯೊಲೈಟ್ ಮತ್ತು ಡೇಸೈಟ್ ಜಾತಿಯದು. ಡೆಕ್ಕನ್ ಲಾವಾ ಸುಮಾರು 6.6 ಕೋಟಿ ವರ್ಷ ಹಿಂದಿನದು. ಇದು 8.5 ಕೋಟಿ ವರ್ಷಕ್ಕೂ ಹಿಂದಿನದು, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ್ದು. ನಾನು ಭೂವಿಜ್ಞಾನ ಓದಿದವನು, ಅದಕ್ಕೆ ಹೇಳಿದೆ.’

ನಾನು ಎರಡು ಸಲ ಓದಿದೆ. ಎಷ್ಟೋ ಸಲ ಹತ್ತಿ ಕುಳಿತ ಕಲ್ಲು ಅದು. ಕಾಲಿನ ಕೆಳಗೆ ಮಡಗಾಸ್ಕರ್ ಬಿಟ್ಟುಹೋದ ಗುರುತು ಇತ್ತು ಅಂತ ಆ ದಿನದವರೆಗೆ ಗೊತ್ತಿರಲಿಲ್ಲ.

‘ಬಸಾಲ್ಟ್‌ಗೂ ಇದಕ್ಕೂ ಏನು ವ್ಯತ್ಯಾಸ?’ ಅಂತ ಕೇಳಿದೆ. ರಯೊಲೈಟ್‌ನಲ್ಲಿ ಸಿಲಿಕಾ ಜಾಸ್ತಿ, ಹಾಗಾಗಿ ಲಾವಾ ಮಂದ, ಬೇಗ ಹರಿಯುವುದಿಲ್ಲ ಎಂದರು. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಬಸಾಲ್ಟ್ ನೀರುದೋಸೆ ಹಿಟ್ಟು, ಇದು ಇಡ್ಲಿ ಹಿಟ್ಟು. ಎರಡೂ ಲಾವಾಗಳು ತಣಿಯುವಾಗ ಕುಗ್ಗುತ್ತವೆ, ಕುಗ್ಗುವಾಗ ಬಿರುಕು ಬಿಡುತ್ತವೆ. ಬಿರುಕು ಐದು, ಆರು, ಏಳು ಮೂಲೆಯಾಗಿ ಕೆಳಗಿನವರೆಗೆ ಇಳಿದರೆ ಕಂಬ. ಕಂಬದ ಆಕಾರ ನೋಡಿ ಬಸಾಲ್ಟ್ ಎಂದುಬಿಡುವುದು ಅದಕ್ಕೇ ಸುಲಭ. ಅವರಿಗೆ ನಾನು ಕೊಟ್ಟದ್ದು ಇಷ್ಟೇ: ಊರಿನವರು ಆ ದ್ವೀಪವನ್ನು ತೋನ್ಸೆಪಾರ್ ಅನ್ನುತ್ತಾರೆ ಎಂಬ ಮಾತು. ಅದು ಅವರಿಗೆ ಹೊಸದು. ತುಂಬ ಖುಷಿಪಟ್ಟರು.

ಇಂಥ ಕೊಡು-ಕೊಳ್ಳು ನನಗೆ ಬಹಳ ಮುಖ್ಯ. ನಮ್ಮ ಮನೆಯ ಬಾವಿಕಟ್ಟೆಯ ಹತ್ತಿರ ಬೆಳೆಯುವ ತಿಮರೆಯನ್ನು ನಾವು ಬ್ರಾಹ್ಮಿ ಅಂತಲೂ ಕರೆಯುತ್ತೇವೆ. ಒಂದು ದಂಟಿಗೆ ಒಂದೇ ಎಲೆ, ಅದಕ್ಕೇ ಒಂದೆಲಗ. ಅಮ್ಮ ತೆಂಗಿನಕಾಯಿ ಹಾಕಿ ಚಟ್ನಿ ಅರೆಯುತ್ತಾರೆ. ಅದರ ಬಗ್ಗೆ ಬರೆದಾಗ ಕೇರಳದ ಕಡೆಯವರೊಬ್ಬರು, ‘ನಮ್ಮಲ್ಲಿ ಇದು ಕುಡಂಗಲ್. ಬ್ರಾಹ್ಮಿ ಅಂದರೆ ಬೇರೆಯೇ ಗಿಡ, ಚಿಕ್ಕ ಚಿಕ್ಕ ದಪ್ಪ ಎಲೆಯದು, ಕಹಿ’ ಎಂದರು. ನಾವು ನೀರುಬ್ರಾಹ್ಮಿ ಅನ್ನುವುದು ಅದನ್ನು. ಬರೀ ‘ಬ್ರಾಹ್ಮಿ’ ಅಂತ ಬರೆದರೆ, ದೂರದವರು ಯಾರೋ ಆ ಕಹಿ ಎಲೆ ತಂದು ಚಟ್ನಿ ಮಾಡಿಯಾರು ಅಲ್ವಾ? ಅವತ್ತಿನಿಂದ ನಾನು ತಿಮರೆ, ಒಂದೆಲಗ ಎಂದು ಎರಡೂ ಹೆಸರು ಬರೆಯುತ್ತೇನೆ. ಇಲ್ಲಿ ಯಾರದ್ದೂ ತಪ್ಪಿರಲಿಲ್ಲ. ಊರು ಬೇರೆ, ಹೆಸರು ಬೇರೆ. ಆದರೆ ಹಲಸಿನ ಎಲೆಯ ಕೊಟ್ಟೆಯಲ್ಲಿ ಇಡ್ಲಿ ಹಿಟ್ಟು ಹಾಕಿ ಬೇಯಿಸಿದ ಗುಂಡವನ್ನು ಮೂಡೆ ಅಂದರೆ ಮಾತ್ರ ನಾನು ತಿದ್ದಿಯೇ ತಿದ್ದುತ್ತೇನೆ. ಮೂಡೆ ಮುಂಡೇವಿನ (ಕೇದಗೆ ಜಾತಿಯ ಗಿಡದ) ಎಲೆಯದು, ಅದರ ಪರಿಮಳವೇ ಬೇರೆ!

ತಿದ್ದುವ ರೀತಿಯ ಬಗ್ಗೆ ಹೇಳಲೇಬೇಕಾದ ಒಂದು ಸಂಗತಿ ಇದೆ. ಕುಂದಾಪುರದ ಕಡೆಯ ಒಬ್ಬ ಹುಡುಗಿ ತನ್ನ ಅಜ್ಜ ವೇಷ ಕಟ್ಟಿದ್ದ ಯಕ್ಷಗಾನದ ಕಪ್ಪು-ಬಿಳುಪು ಫೋಟೊಗಳನ್ನು ಒಂದೊಂದಾಗಿ ಹಾಕುತ್ತಿದ್ದಳು. ಒಂದರ ಕೆಳಗೆ ‘ತೆಂಕುತಿಟ್ಟು’ ಎಂದು ಬರೆದಿದ್ದಳು. ತಿಟ್ಟು ಅಂದರೆ ಯಕ್ಷಗಾನದ ಶೈಲಿ; ತೆಂಕು ಒಂದು, ಬಡಗು ಇನ್ನೊಂದು. ಫೋಟೊದಲ್ಲಿ ಅಜ್ಜನ ತಲೆಯ ಮೇಲೆ ಬಟ್ಟೆ ಸುತ್ತಿ ಕಟ್ಟಿದ ಕೇದಗೆ ಮುಂದಲೆ ಚೆನ್ನಾಗಿ ಕಾಣುತ್ತಿತ್ತು. ಅದು ಬಡಗಿನ ವೇಷ. ‘ಕೇದಗೆ ಮುಂದಲೆ ನೋಡಿ, ಇದು ಬಡಗು’ ಎಂದಿದ್ದರೆ ಮುಗಿಯುತ್ತಿತ್ತು. ಬಂದವರು ಹಾಗೆ ಹೇಳಲಿಲ್ಲ. ‘ಅಜ್ಜನ ತಿಟ್ಟೇ ಗೊತ್ತಿಲ್ಲದ ಮೊಮ್ಮಗಳು’ ಎಂದು ನಗಾಡಿದರು. ಅದಕ್ಕೆ ಇನ್ನೂ ಹತ್ತು ಜನ ಸೇರಿದರು. ಮರುದಿನ ನೋಡಿದರೆ ಎಲ್ಲ ಫೋಟೊಗಳೂ ಮಾಯ.

ನನಗೆ ಇವತ್ತಿಗೂ ಸಂಕಟವಾಗುತ್ತದೆ. ಆ ಫೋಟೊಗಳು ಬೇರೆ ಯಾರ ಹತ್ತಿರವೂ ಇಲ್ಲ. ಒಂದು ಪದ ಸರಿ ಮಾಡಲು ಹೋಗಿ ಅಷ್ಟನ್ನೂ ಕಳಕೊಂಡೆವು. ಗೊತ್ತಿದ್ದದ್ದನ್ನು ಹೇಳುವವರು ತಮಗೆ ಅದು ಹೇಗೆ ಗೊತ್ತು ಎಂಬುದನ್ನೂ ಹೇಳಿದರೆ ಎದುರಿನವರಿಗೆ ಕಲಿಯಲು ಏನಾದರೂ ಸಿಗುತ್ತದೆ. ‘ತಪ್ಪು’ ಎಂಬ ಒಂದೇ ಪದದಿಂದ ಯಾರೂ ಏನೂ ಕಲಿಯುವುದಿಲ್ಲ.

ಕೆಲವರು ಬೇಜಾರಾದೀತು ಅಂತ ಇನ್‌ಬಾಕ್ಸ್‌ಗೆ ಬಂದು ಮೆಲ್ಲನೆ ಹೇಳುತ್ತಾರೆ. ಅವರ ಮನಸ್ಸು ಒಳ್ಳೆಯದು. ಆದರೂ ಎಲ್ಲರೆದುರೇ ಹೇಳಿ ಎಂದು ನಾನು ಕೇಳಿಕೊಳ್ಳುತ್ತೇನೆ. ನನ್ನ ತಪ್ಪನ್ನು ಓದಿದವರು ಸರಿಯನ್ನೂ ಓದಲಿ. ದ್ವೀಪದ ಫೋಟೊದ ಕೆಳಗೆ ಹಳೆಯ ಸಾಲನ್ನು ಅಳಿಸದೆ, ಅದರ ಕೆಳಗೇ ಹೊಸದನ್ನು ಬರೆದಿದ್ದೇನೆ, ತಿದ್ದಿದವರಿಗೆ ವಂದನೆಯನ್ನೂ ಸೇರಿಸಿದ್ದೇನೆ. ಅಳಿಸಿಬಿಟ್ಟರೆ ಕೆಳಗಿನ ಮಾತುಕತೆ ಯಾವುದಕ್ಕೆ ಅಂತ ಯಾರಿಗೂ ಅರ್ಥವಾಗುವುದಿಲ್ಲ.

ಆ ಹುಡುಗಿಗೆ ನಾನು ಆಗಲೇ ಎರಡು ಮಾತು ಬರೆದಿದ್ದೆ. ಉತ್ತರ ಬಂದಿರಲಿಲ್ಲ. ನಿನ್ನೆ ರಾತ್ರಿ ಒಂದೇ ಒಂದು ಫೋಟೊ ಮತ್ತೆ ಹಾಕಿದ್ದಾಳೆ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಅಜ್ಜ ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಿದ್ದಾರೆ, ಪಕ್ಕದಲ್ಲಿ ಇನ್ನಿಬ್ಬರು ಕಲಾವಿದರು. ‘ಇವರು ಯಾರು, ಯಾವ ಮೇಳ, ಗೊತ್ತಿದ್ದವರು ದಯವಿಟ್ಟು ಹೇಳಿ’ ಎಂದು ಬರೆದಿದ್ದಾಳೆ. ನನಗೆ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಹಳೆ ಆಟ ನೋಡಿದ ಹಿರಿಯರಿದ್ದರೆ, ಫೋಟೊ ಸ್ವಲ್ಪ ದೊಡ್ಡದು ಮಾಡಿ ತೋರಿಸಿ. ಅವರು ಹೇಳಿದ್ದನ್ನು ಅಲ್ಲಿಯೇ ಬರೆಯಿರಿ.