ಕರಿ ಬಟ್ಟೆಯ ಮೇಲೆ ಗುಲಾಬಿ ಪ್ಲಾಸ್ಟಿಕ್

ಹಬೆಯಲ್ಲಿ ಬೆಂದ ಅಕ್ಕಿ ತರಿಯ ಉಂಡೆ, ಅಂದರೆ ಕಡಂಬುಟ್ಟಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಊಟದ ಕೋಣೆಗೆ ಬಂದೆ. ಅಡುಗೆಮನೆಯಲ್ಲಿ ಇದ್ದದ್ದು ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟರಲ್ಲಿ ನನ್ನ ಮೇಜಿನ ಮೇಲೆ ಗುಲಾಬಿ ಹೂವು ಅಚ್ಚು ಹಾಕಿದ ಪ್ಲಾಸ್ಟಿಕ್ ಹಾಳೆ ಬಂದು ಮಲಗಿತ್ತು. ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮೇಣದಬತ್ತಿಗಳನ್ನು ಯಾರೋ ಊದಿ ಆರಿಸಿ, ಕಿಟಕಿಯ ಕಟ್ಟೆಯ ಮೇಲೆ ಶಿಕ್ಷೆಗೆ ನಿಲ್ಲಿಸಿದ ಮಕ್ಕಳ ಹಾಗೆ ಸಾಲಾಗಿ ಇಟ್ಟಿದ್ದರು.

"ಹಬ್ಬದ ದಿನ ಕರಿ ಬಟ್ಟೆ ಹಾಸಿ ಯಾರಾದರೂ ಊಟಕ್ಕೆ ಕರೆಯುತ್ತಾರೆಯೇನಮ್ಮಾ?" ಎಂದರು ಮಾವ. ಹಾಳೆ ಹಾಸಿದ್ದು ನಾದಿನಿ, ಆಜ್ಞೆ ಮಾವನದು. ಮಾವನಿಗೆ ಎಂಬತ್ತೊಂದು ವರ್ಷ. ನಾದಿನಿಗೆ ನನ್ನಷ್ಟೇ ವಯಸ್ಸು, ಆದ್ದರಿಂದ ಆಕೆಗೆ ಕ್ಷಮೆ ಇಲ್ಲ.

ಕ್ರಿಸ್‌ಮಸ್ ರಜೆಗೆ ಮಕ್ಕಳು ಬೆಂಗಳೂರಿನಿಂದ ಬಂದಾಗ, ಪಕ್ಕದ ತೋಟದವರನ್ನೂ ಕರೆದು ಇಪ್ಪತ್ತೈದರ ರಾತ್ರಿ ನಮ್ಮಲ್ಲಿ ಊಟ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಪ್ರತಿ ವರ್ಷ ಅದೇ ಕೆಂಪು, ಅದೇ ಹಸಿರು, ಅದೇ ಮಿನುಗುವ ಜರಿ ದಾರ. ಈ ಸಲ ಗೋಥಿಕ್ ಶೈಲಿಯಲ್ಲಿ ಮಾಡೋಣ ಎನ್ನಿಸಿತು. ತಲೆಬುರುಡೆ, ಜೇಡರ ಬಲೆ, ಪ್ಲಾಸ್ಟಿಕ್ ಬಾವಲಿ ಯಾವುದೂ ಅಲ್ಲ. ಅವೆಲ್ಲ ಮಕ್ಕಳ ಹುಟ್ಟುಹಬ್ಬಕ್ಕೆ. ನನಗೆ ಬೇಕಾಗಿದ್ದದ್ದು ಕಪ್ಪು, ಕಡುಗೆಂಪು, ಹಳೆಯ ಹಿತ್ತಾಳೆ, ಸ್ವಲ್ಪ ಬೆಳಕು ಮತ್ತು ಬಹಳಷ್ಟು ನೆರಳು.

ವಿರಾಜಪೇಟೆಯ ಬಟ್ಟೆ ಅಂಗಡಿಗೆ ಹೋಗಿ ನಾಲ್ಕು ಮೀಟರ್ ಕಪ್ಪು ಬಟ್ಟೆ ಕೇಳಿದೆ. ಅಂಗಡಿಯವನು ಭಕ್ತಿಯಿಂದ "ಯಾರು ಮಾಲೆ ಹಾಕಿದ್ದಾರೆ ಅಕ್ಕಾ?" ಎಂದು ಕೇಳಿದ. ಡಿಸೆಂಬರ್ ಅಲ್ಲವೇ? ಊರ ತುಂಬ ಅಯ್ಯಪ್ಪ ಸ್ವಾಮಿಗಳು ಕಪ್ಪು ಉಟ್ಟು ಓಡಾಡುತ್ತಿದ್ದಾರೆ. ಮಾವನ ಮೊಮ್ಮಗನೂ ಮಾಲೆ ಹಾಕಿದ್ದಾನೆ. ಆ ಹುಡುಗ ಮನೆಗೆ ಬಂದರೆ ಮಾವನೇ ಎದ್ದು "ಸ್ವಾಮಿ" ಎಂದು ಕೈ ಮುಗಿಯುತ್ತಾರೆ. ಹುಡುಗ ಉಟ್ಟರೆ ಸ್ವಾಮಿ, ನನ್ನ ಮೇಜು ಉಟ್ಟರೆ ಸೂತಕ.

ಇದು ನನ್ನನ್ನು ಎರಡು ದಿನದಿಂದ ಕೊರೆಯುತ್ತಿದೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಇದೇ ಮಾವ ಏನು ಧರಿಸಿ ಊರ ಬಯಲಿಗೆ, ಮಂದ್‌ಗೆ ಹೋಗಿದ್ದರು? ಮೊಣಕಾಲಿನವರೆಗೆ ಇಳಿಯುವ ಕಪ್ಪು ಕುಪ್ಯ, ಸೊಂಟಕ್ಕೆ ಕಡುಗೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಬೆಳ್ಳಿ ಹಿಡಿಯ ಪೀಚೆಕತ್ತಿ. ಕಪ್ಪು, ಕೆಂಪು, ಬೆಳ್ಳಿ. ಹಿತ್ತಾಳೆಯೊಂದನ್ನು ಬಿಟ್ಟರೆ ನಾನು ಮೇಜಿಗೆ ಆರಿಸಿದ್ದ ಬಣ್ಣಗಳೂ ಅವೇ ಮೂರು! ಇಡೀ ಕೊಡಗಿನಲ್ಲಿ ಮಾವನಷ್ಟು ಗೋಥಿಕ್ ಆದ ಮನುಷ್ಯನನ್ನು ನಾನು ಕಂಡಿಲ್ಲ. ಅವರಿಗೆ ಅದು ಗೊತ್ತಿಲ್ಲ, ಅಷ್ಟೆ.

ಸಾವಿನ ಬಣ್ಣ ಎನ್ನುತ್ತೀರಾ? ಸಾವಿನ ಮನೆಗೆ ನಾವು ಹೋಗುವುದು ಬಿಳಿ ಉಟ್ಟು. ಆದರೆ ಮೇಜಿಗೆ ಬಿಳಿ ಬಟ್ಟೆ ಹಾಸಿದರೆ "ಎಷ್ಟು ಶುಭ್ರವಾಗಿದೆ" ಎನ್ನುತ್ತಾರೆ, ಅಪಶಕುನ ಎಂದು ಒಬ್ಬರೂ ಬಾಯಿ ಬಿಡುವುದಿಲ್ಲ. ಸಾವಿಗೆ ಕಪ್ಪು ಉಡುವುದು ಇಂಗ್ಲೆಂಡಿನವರ ರೂಢಿ. 1861ರ ಡಿಸೆಂಬರ್‌ನಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ 1901ರಲ್ಲಿ ತಾನು ಸಾಯುವವರೆಗೂ ಕಪ್ಪು ಬಿಡಲಿಲ್ಲ. ಆಕೆಯ ಸೂತಕವನ್ನು ನನ್ನ ಊಟದ ಮೇಜಿನ ಮೇಲೆ ಯಾಕೆ ಆಚರಿಸಬೇಕು? ಇನ್ನು ಶನಿ, ಕಪ್ಪು ಎಳ್ಳು ಎಂದು ಶುರುಮಾಡುವವರು ಮೊದಲು ತಮ್ಮ ಮನೆಯ ಹೆಂಗಸರ ಕೊರಳಿನ ಕರಿಮಣಿ ತೆಗೆಸಿ ಬರಲಿ.

ಕಮೆಂಟಿನಲ್ಲಿ ಮೊದಲು ಬರುವುದು ಯಾವುದು ಎಂದು ಗೊತ್ತಿದೆ: "ಹಿರಿಯರ ಮನಸ್ಸು ನೋಯಿಸಬಾರದು." ಒಪ್ಪಿದೆ. ಆದರೆ ಹಿರಿಯರ ಮನಸ್ಸು ಪ್ಲಾಸ್ಟಿಕ್ ಹಾಳೆಯಿಂದ ಯಾಕೆ ನೋಯುವುದಿಲ್ಲ? ಬಿಸಿ ಪಾತ್ರೆ ಇಟ್ಟರೆ ಮುದುಡುವ, ಮುಂಗೈ ಇಟ್ಟರೆ ಅಂಟಿಕೊಳ್ಳುವ ಆ ಹಾಳೆ ಯಾವ ಶಾಸ್ತ್ರದಲ್ಲಿ ಮಂಗಳಕರ?

ಗೋಥಿಕ್ ಎಂದರೆ ಕತ್ತಲು ಎಂದು ತಿಳಿದವರಿಗೆ ಇನ್ನೊಂದು ಮಾತು. ಆ ಶೈಲಿ ಹುಟ್ಟಿದ್ದೇ ಬೆಳಕಿಗಾಗಿ. ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಮಠದ ಚರ್ಚಿಗೆ ಅಲ್ಲಿನ ಮಠಾಧೀಶ ಸುಜೆ ಕಟ್ಟಿಸಿದ ಹೊಸ ಪೂರ್ವಭಾಗ 1144ರಲ್ಲಿ ಪ್ರತಿಷ್ಠೆಯಾಯಿತು. ಗೋಥಿಕ್ ಕಟ್ಟಡಗಳ ಲೆಕ್ಕ ಅಲ್ಲಿಂದ ಶುರು. ಮೊನಚು ಕಮಾನು ಭಾರವನ್ನು ಕೆಳಕ್ಕೆ ಕಂಬಗಳಿಗೆ ಇಳಿಸುತ್ತದೆ. ದಪ್ಪ ಗೋಡೆಯ ಹಂಗು ತಪ್ಪುತ್ತದೆ. ಗೋಡೆ ಇರಬೇಕಾದಲ್ಲಿ ಬಣ್ಣದ ಗಾಜು ಕೂರಿಸಬಹುದು. ಸುಜೆಗೆ ಬೇಕಾಗಿದ್ದದ್ದು ಅದೇ. ಗೋಥಿಕ್ ಎಂಬ ಹೆಸರೂ ಬೈಗುಳವೇ. ಕೆಲವು ಶತಮಾನಗಳ ನಂತರ ಇಟಲಿಯವರು, ಇದು ಅನಾಗರಿಕ ಗೋತ್ ಜನರ ಕೆಲಸ ಎಂದು ಮೂಗು ಮುರಿದು ಇಟ್ಟದ್ದು. ಆಗಲೂ ಯಾರೋ ಒಬ್ಬ ಮಾವ ಇದ್ದಿರಬೇಕು.

ದೂರವೇನೂ ಹೋಗಬೇಕಾಗಿಲ್ಲ. ಮಡಿಕೇರಿ ಕೋಟೆಯೊಳಗೆ ಈಗ ವಸ್ತುಸಂಗ್ರಹಾಲಯ ಇರುವ ಹಳೆಯ ಸೇಂಟ್ ಮಾರ್ಕ್ಸ್ ಚರ್ಚ್ ಬ್ರಿಟಿಷರ ಕಾಲದ್ದು, ಗೋಥಿಕ್ ಶೈಲಿಯದ್ದೇ. ಹೊರಗೆ ಬಿಸಿಲಿರುವಾಗ ಒಳಗೆ ಹೋಗಿ ನಿಂತು ನೋಡಿ. ಸುತ್ತ ಕತ್ತಲಿರುವುದರಿಂದಲೇ ಕಿಟಕಿಯ ಬೆಳಕು ಕಣ್ಣಿಗೆ ಬೀಳುತ್ತದೆ. ನನ್ನ ಮೇಜಿನ ಗುಟ್ಟೂ ಅಷ್ಟೇ ಆಗಿತ್ತು. ಅದರ ಮೇಲೆ ಟ್ಯೂಬ್‌ಲೈಟ್ ಹಾಕಿದರೆ ಉಳಿಯುವುದು ಏನು? ನಾಲ್ಕು ಮೀಟರ್ ಕರಿ ಬಟ್ಟೆ.

ಹಾಳೆ ಬೀಳುವ ಮುಂಚೆ ಮೇಜು ಹೇಗಿತ್ತು ಎಂದು ಹೇಳಿಬಿಡುತ್ತೇನೆ, ಹೊಟ್ಟೆಯ ಉರಿ ಸ್ವಲ್ಪ ಇಳಿಯಲಿ. ಅಟ್ಟದಿಂದ ಎರಡು ಹಿತ್ತಾಳೆ ದೀಪದ ಕಂಬ ಇಳಿಸಿದ್ದೆ. ಹುಣಸೆಹಣ್ಣು ಹಾಕಿ ಫಳಫಳ ಉಜ್ಜಬೇಡಿ ಎಂದು ಕೆಲಸದಾಕೆಗೆ ಹೇಳಿ ಹೇಳಿ ಗಂಟಲು ಒಣಗಿತ್ತು. ಉಬ್ಬು ಭಾಗ ಮಾತ್ರ ಹೊಳೆಯಬೇಕು, ಸಂದಿಯ ಕಪ್ಪು ಹಾಗೆಯೇ ಉಳಿಯಬೇಕು. ಮಧ್ಯೆ ಉದ್ದಕ್ಕೆ ಕಾಫಿ ಕೊಂಬೆಗಳು. ಕುಯಿಲು ನಡೆಯುತ್ತಿರುವುದರಿಂದ ಕಡುಗೆಂಪು ಹಣ್ಣು ಕಣ್ಣೆದುರೇ ಸಿಕ್ಕಿತು, ಗುಲಾಬಿ ಹುಡುಕಿ ಹೋಗುವ ಅಗತ್ಯವೇ ಬೀಳಲಿಲ್ಲ. ನಡುನಡುವೆ ಸಿಲ್ವರ್ ಓಕ್‌ನ ಒಣ ಎಲೆ, ಮಗುಚಿ ಇಟ್ಟರೆ ಬೆನ್ನು ಬೆಳ್ಳಿಯಂತೆ ಮಿನುಗುತ್ತದೆ. ಅದನ್ನು ಜ್ವಾಲೆಯಿಂದ ಒಂದು ಗೇಣು ದೂರವೇ ಇಟ್ಟಿದ್ದೆ, ಮನೆ ಸುಡುವಷ್ಟು ಹುಚ್ಚು ನನಗಿಲ್ಲ. ಮೇಣದಬತ್ತಿಗಳು ಕಡುಗೆಂಪು, ವಾಸನೆ ಇಲ್ಲದವು. ಊಟದ ಮೇಜಿನಲ್ಲಿ ಸುಗಂಧದ ಬತ್ತಿ ಹಚ್ಚಿದರೆ ಹಂದಿಮಾಂಸದ ಪಂದಿಕರಿಯಲ್ಲೂ ಮಲ್ಲಿಗೆ ವಾಸನೆ. ಒಂದು ತಟ್ಟೆಯಲ್ಲಿ ಕಪ್ಪು ದ್ರಾಕ್ಷಿ, ಒಡೆದಿಟ್ಟ ದಾಳಿಂಬೆ, ಪಕ್ಕದಲ್ಲಿ ಮನೆಯದೇ ದ್ರಾಕ್ಷಿ ವೈನ್.

ಒಂದು ತಪ್ಪು ನನ್ನದೂ ಇತ್ತು. ಕಪ್ಪು ಪಿಂಗಾಣಿ ತಟ್ಟೆ ತರಿಸಿದ್ದೆ. (ಬೆಲೆ ಎಷ್ಟೆಂದು ಮನೆಯವರಿಗೆ ಹೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು. ಅವರು ಫೇಸ್‌ಬುಕ್ ನೋಡುವುದಿಲ್ಲ.) ಮಧ್ಯಾಹ್ನ ಪರೀಕ್ಷೆಗೆಂದು ಅದರಲ್ಲಿ ಪಂದಿಕರಿ ಬಡಿಸಿದರೆ ಕರಿಯೇ ಕಾಣಿಸಲಿಲ್ಲ! ಹುರಿದು ಪುಡಿ ಮಾಡಿದ ಮಸಾಲೆ, ಮೇಲೆ ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿರಸ. ಅದರ ಕಪ್ಪಿನ ಮುಂದೆ ಯಾವ ಪಿಂಗಾಣಿಯ ಕಪ್ಪೂ ನಿಲ್ಲುವುದಿಲ್ಲ. ಆದ್ದರಿಂದ ಕರಿಯನ್ನು ಅಮ್ಮನ ಕಾಲದ ಬಿಳಿ ಬಟ್ಟಲಿಗೆ ಹಾಕಿ, ಕಪ್ಪು ತಟ್ಟೆಯಲ್ಲಿ ಬರೀ ಕಡಂಬುಟ್ಟು ಇಟ್ಟೆ. ದುಂಡಗೆ, ಬೆಳ್ಳಗೆ, ಹಬೆಯಾಡುತ್ತ ಕತ್ತಲಲ್ಲಿ ನಾಲ್ಕು ಚಂದ್ರ ಕೂತ ಹಾಗಿತ್ತು. ಅದನ್ನು ನೋಡಿದವಳು ನಾನೊಬ್ಬಳೇ, ಅದೂ ಮಧ್ಯಾಹ್ನ, ಕಿಟಕಿಯ ಪರದೆ ಎಳೆದುಕೊಂಡು.

ಆ ರಾತ್ರಿ ಜಗಳ ಆಡಲಿಲ್ಲ. ಪ್ಲಾಸ್ಟಿಕ್ ಗುಲಾಬಿಯ ಮೇಲೆಯೇ ಬಡಿಸಿದೆ. ಮಾವ ಮೂರು ಸಲ ಪಂದಿಕರಿ ಹಾಕಿಸಿಕೊಂಡರು. ಪಕ್ಕದ ತೋಟದವರು ಕಿಟಕಿ ಕಟ್ಟೆಯ ಬತ್ತಿಗಳನ್ನು ನೋಡಿ "ಕರೆಂಟ್ ಹೋಗಿತ್ತೇ?" ಎಂದು ಕೇಳಿದರು.

ಎಲ್ಲರೂ ಹೋದ ಮೇಲೆ ಮಗಳು ತಟ್ಟೆ ಒರೆಸುತ್ತ ನಿಧಾನಕ್ಕೆ ಕೇಳಿದಳು: "ಅಮ್ಮಾ, ನನ್ನ ನಿಶ್ಚಿತಾರ್ಥಕ್ಕೆ ನಾನು ಯಾವ ಸೀರೆ ಕೇಳಿದ್ದೆ, ನೆನಪಿದೆಯೇ?"

ನೆನಪಿದೆ. ಕಪ್ಪು ರೇಷ್ಮೆ, ಮೆರೂನ್ ಅಂಚು. ಮೈಸೂರಿನ ಅಂಗಡಿಯಲ್ಲಿ ಅದನ್ನು ಭುಜದ ಮೇಲೆ ಹೊದ್ದುಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. "ಶುಭಕಾರ್ಯಕ್ಕೆ ಕಪ್ಪೇ? ಜನ ಏನೆಂದುಕೊಳ್ಳುತ್ತಾರೆ?" ಎಂದು ಕೈಯಿಂದ ಕಿತ್ತು ಮಡಚಿಸಿದವಳು ನಾನು. ಆಗ ಮಾವ ಅಲ್ಲಿ ಇರಲೂ ಇಲ್ಲ. ತಿಳಿ ಗುಲಾಬಿ ಬಣ್ಣದ್ದು ಕೊಡಿಸಿದೆ. ಹೌದು, ಗುಲಾಬಿ. ಫೋಟೋದಲ್ಲಿ ಅವಳ ಮುಖ ಈಗಲೂ ಊದಿಕೊಂಡೇ ಇದೆ.

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಮಾವನ ಮೇಲಿನ ಸಿಟ್ಟು ಇದರಿಂದ ಕಡಿಮೆಯಾಗಿದೆ ಎಂದು ಯಾರೂ ತಿಳಿಯಬೇಡಿ, ಎಳ್ಳಷ್ಟೂ ಆಗಿಲ್ಲ. ಕಪ್ಪು ಎಳ್ಳಷ್ಟೂ.

ಮೂವತ್ತೊಂದರ ರಾತ್ರಿ ಮತ್ತೆ ಊಟ ಇದೆ. ಬಟ್ಟೆಯ ಮೇಲೆ ಬಿದ್ದಿದ್ದ ಮೇಣಕ್ಕೆ ಮಂಜುಗಡ್ಡೆ ಒತ್ತಿ, ಚಮಚದ ಹಿಂಬದಿಯಿಂದ ಕೆರೆದು ತೆಗೆದಿದ್ದೇನೆ. ಉಳಿದ ಕಲೆಯ ಮೇಲೆ ಹಳೆಯ ಪತ್ರಿಕೆ ಇಟ್ಟು ಇಸ್ತ್ರಿ ಮಾಡಿದ್ದೂ ಆಯಿತು. ಮಾವನನ್ನು ನಾನೇ ಫೋನ್ ಮಾಡಿ ಕರೆದೆ, ಕುಪ್ಯ ಹಾಕಿಕೊಂಡು ಬನ್ನಿ ಎಂದೆ. "ಯಾಕಮ್ಮಾ, ಏನು ವಿಶೇಷ?" ಎಂದರು. ಬನ್ನಿ, ಹೇಳುತ್ತೇನೆ ಎಂದೆ. ಮಗಳು ತನಗೊಂದು ಕಪ್ಪು ಸೀರೆ ಹುಡುಕುತ್ತಿದ್ದಾಳೆ, ದುಡ್ಡು ನನ್ನದು. ಟ್ಯೂಬ್‌ಲೈಟಿನ ಸ್ಟಾರ್ಟರ್ ಕಳಚಿ ಕಾಚಂಪುಳಿ ಬಾಟಲಿಯ ಹಿಂದೆ ಇಟ್ಟಿದ್ದೇನೆ. ಗುಲಾಬಿ ಹಾಳೆ ಹಿತ್ತಿಲಿನ ಸೌದೆ ರಾಶಿಯ ಮೇಲಿದೆ, ನಾಲ್ಕು ಮೂಲೆಗೂ ಕಲ್ಲು ಹೇರಿದ್ದೇನೆ.