“ಬರೀ ಸಕ್ಕರೆ ಪಾಕ” ಅಂತೆ!

ನಿನ್ನೆ ರಾತ್ರಿಯಿಂದ ಒಂದೇ ಒಂದು ಪದ ಕಿವಿಯಲ್ಲಿ ಕೂತಿದೆ. “ಬರೀ.”

ಗೆಳತಿಯ ಮನೆಗೆ ಊಟಕ್ಕೆ ಹೋಗಿದ್ದೆ. ನಾನೇ ಮಾಡಿದ ಒಂದು ಬಾಟಲಿ ಕೈಯಲ್ಲಿತ್ತು. ಏನು ಬಾಟಲಿ ಅಂತ ನಿಮಗೆ ಹೇಳಬೇಕಿಲ್ಲ. ನಾನು ಜೇನು ಬಿಟ್ಟು ಆರು ವರ್ಷ ಆಯಿತು. ಅದರ ಬದಲಿಗೆ ಸೇಬಿನ ರಸದಿಂದ ಮಾಡಿಕೊಳ್ಳುವ ಪಾಕದ ಫೋಟೋಗಳನ್ನು ಇಲ್ಲಿ ನೋಡುತ್ತಲೇ ಇದ್ದೀರಿ.

ಅಲ್ಲಿಗೆ ಬಂದಿದ್ದ ಹಿರಿಯರೊಬ್ಬರು ಅದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದರು. ಚೆನ್ನಾಗಿದೆ ಎಂದು ಇನ್ನೊಂದು ತುಂಡಿಗೂ ಹಚ್ಚಿದರು. ಚಮಚ ಮೇಲೆತ್ತಿ, ಎಳೆ ಇಳಿಯುವುದನ್ನು ದೀಪದ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೇಳಿದರು: “ಯಾವ ಹೂವಿನ ಜೇನಮ್ಮ ಇದು?”

“ಜೇನಲ್ಲ ಸರ್. ಸೇಬಿನ ರಸ, ಸಕ್ಕರೆ, ನಿಂಬೆಹಣ್ಣು” ಎಂದೆ.

ಅವರ ಮುಖ ಇಳಿದುಹೋಯಿತು. ಚಮಚವನ್ನು ತಟ್ಟೆಯಲ್ಲಿಟ್ಟು ಪಕ್ಕಕ್ಕೆ ಸರಿಸಿದರು. “ಓ, ಬರೀ ಸಕ್ಕರೆ ಪಾಕನಾ!”

ಅರ್ಧ ನಿಮಿಷದ ಹಿಂದೆ ಅದೇ ನಾಲಿಗೆಗೆ ರುಚಿಸಿತ್ತಲ್ವಾ? ಬಾಟಲಿಯೊಳಗೆ ಏನು ಬದಲಾಯಿತು? ಊಟದ ಮನೆಯಲ್ಲಿ ಹಿರಿಯರಿಗೆ ಎದುರಾಡಬಾರದು ಎಂದು ಸುಮ್ಮನಾದೆ. ಇಲ್ಲಿ ಸುಮ್ಮನಿರಲಾರೆ.

ಸಕ್ಕರೆ ಪಾಕ ಅಂದರೆ ಏನು? ಸಕ್ಕರೆ, ನೀರು, ಬಿಸಿ. ಅದನ್ನು ಹಾಗೇ ಗಟ್ಟಿ ಮಾಡಿ ಬಾಟಲಿಗೆ ತುಂಬಿಟ್ಟು ನೋಡಿ. ಕೆಲವೇ ದಿನದಲ್ಲಿ ತಳದಲ್ಲಿ ಹರಳು ಕಟ್ಟುತ್ತದೆ. ನಾನು ಒಯ್ದ ಬಾಟಲಿಗೆ ಎರಡು ತಿಂಗಳಾಗಿತ್ತು, ಒಂದು ಹರಳೂ ಇರಲಿಲ್ಲ. ಯಾಕೆ ಗೊತ್ತಾ? ಅದರೊಳಗೆ ಇದ್ದದ್ದರಲ್ಲಿ ಬಹಳಷ್ಟು ಆ ಹೊತ್ತಿಗೆ ಸಕ್ಕರೆಯಾಗಿ ಉಳಿದೇ ಇರಲಿಲ್ಲ.

ನಾವು ಸಕ್ಕರೆ ಎನ್ನುವುದು ಸುಕ್ರೋಸ್. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳು ಕೈಹಿಡಿದುಕೊಂಡಿರುವ ಜೋಡಿ ಅದು. ಹುಳಿಯ ಜೊತೆ ಹೊತ್ತು ಹಿಡಿದು ಕುದಿಸಿದರೆ ಆ ಜೋಡಿ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಂಡದ್ದು ಸುಲಭವಾಗಿ ಹರಳಾಗುವುದಿಲ್ಲ. ನಾಲಿಗೆಗೆ ಇನ್ನೂ ಸ್ವಲ್ಪ ಜಾಸ್ತಿ ಸಿಹಿ. ಫ್ರಕ್ಟೋಸ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಇದನ್ನು ಹಾಕಿ ಮಾಡಿದ ಕೇಕ್ ಮೂರನೇ ದಿನವೂ ಮೆತ್ತಗಿರುತ್ತದೆ, ಒಲೆಯಲ್ಲಿ ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ. ಬರೀ ಸಕ್ಕರೆ ಪಾಕ ಈ ಕೆಲಸ ಮಾಡುವುದಿಲ್ಲ. ಜೇನು ಮಾಡುತ್ತದೆ.

ಜೇನುನೊಣ ಮಾಡುವುದೇನು? ಹೂವಿನ ಮಕರಂದದಲ್ಲೂ ಸುಕ್ರೋಸ್ ಇರುತ್ತದೆ. ಹೀರಿಕೊಂಡ ಮಕರಂದಕ್ಕೆ ನೊಣ ಇನ್ವರ್ಟೇಸ್ ಎಂಬ ಕಿಣ್ವ ಸೇರಿಸುತ್ತದೆ. ಅದು ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಆಮೇಲೆ ಗೂಡಿನಲ್ಲಿ ರೆಕ್ಕೆ ಬೀಸಿ ಬೀಸಿ ನೀರು ಆರಿಸುತ್ತವೆ. ಕೊನೆಗೆ ನೂರು ಗ್ರಾಂ ಜೇನಿನಲ್ಲಿ ಸುಮಾರು 38 ಗ್ರಾಂ ಫ್ರಕ್ಟೋಸ್, 31 ಗ್ರಾಂ ಗ್ಲೂಕೋಸ್, 17 ಗ್ರಾಂ ನೀರು ಉಳಿಯುತ್ತದೆ. ಅಂದರೆ ನೊಣದ ಕಿಣ್ವದ ಜಾಗದಲ್ಲಿ ನನ್ನ ನಿಂಬೆಹಣ್ಣು, ರೆಕ್ಕೆಯ ಜಾಗದಲ್ಲಿ ನನ್ನ ಒಲೆ. ಒಂದು ಅಡುಗೆಯನ್ನು ಎರಡು ದಾರಿಯಲ್ಲಿ ಮಾಡಿದ ಹಾಗೆ. ಇದಕ್ಕೆ “ಬರೀ” ಅಂದರೆ ಸಿಟ್ಟು ಬರುವುದಿಲ್ಲವಾ?

ಅದರಲ್ಲೂ ಸೇಬಿನ ರಸವನ್ನೇ ಯಾಕೆ ಹಿಡಿದುಕೊಂಡಿದ್ದೇನೆ ಎಂದರೆ, ಅದರಲ್ಲಿ ಮೊದಲೇ ಫ್ರಕ್ಟೋಸ್ ಜಾಸ್ತಿ, ಗ್ಲೂಕೋಸಿನ ಎರಡರಷ್ಟಕ್ಕೂ ಮೇಲೆ. ಈ ಎರಡರಲ್ಲಿ ಹರಳು ಕಟ್ಟುವ ಸ್ವಭಾವ ಜಾಸ್ತಿ ಇರುವುದು ಗ್ಲೂಕೋಸಿಗೆ. ಅದು ಕಡಿಮೆ ಇದ್ದಷ್ಟೂ ಪಾಕ ತಿಳಿಯಾಗಿ ಉಳಿಯುತ್ತದೆ. ರಸದಲ್ಲಿ ತನ್ನದೇ ಹುಳಿಯೂ ಇದೆ.

ಹಾಗಂತ ಸುಲಭವಾಗಿ ಕೈಗೆ ಹತ್ತಿತು ಎಂದುಕೊಳ್ಳಬೇಡಿ. ಮೊದಲ ಸಲ ಮನೆಯಲ್ಲೇ ಸೇಬು ಹಿಂಡಿ, ಮಂದವಾದ ರಸವನ್ನು ಸೋಸದೆ ಒಲೆಗಿಟ್ಟೆ. ತಣ್ಣಗಾದ ಮೇಲೆ ಬಾಟಲಿ ಬಗ್ಗಿಸಿದರೆ ಒಳಗಿನದು ಅಲುಗಾಡುತ್ತದೆ, ಹರಿಯುವುದಿಲ್ಲ. ಜೆಲ್ಲಿ! ಸೇಬಿನಲ್ಲಿ ಪೆಕ್ಟಿನ್ ಎಂಬ ನಾರಿನಂಥ ಅಂಶ ಇದೆ. ಪೆಕ್ಟಿನ್, ಹುಳಿ, ಸಕ್ಕರೆ ಮೂರೂ ಸೇರಿ ಕುದಿದರೆ ಆಗುವುದು ಜೆಲ್ಲಿಯೇ. ಆವತ್ತಿನಿಂದ ತಿಳಿಯಾದ, ಆಚೆ ಬದಿ ಕಾಣುವ ರಸವನ್ನೇ ಬಳಸುತ್ತೇನೆ.

ಎರಡನೇ ಸಲ ಎಲ್ಲ ಸರಿಯಾಗಿತ್ತು, ಆದರೂ ನಾಲ್ಕೇ ದಿನದಲ್ಲಿ ಬಾಟಲಿ ಪೂರ್ತಿ ಮರಳು. ಕುದಿಯುವಾಗ ಪಾತ್ರೆಯ ಗೋಡೆಗೆ ಸಿಡಿದು ಒಣಗಿದ್ದ ಸಕ್ಕರೆ ಕಣಗಳನ್ನು ಚಮಚದಿಂದ ಕೆರೆದು ಒಳಗೆ ಹಾಕಿದ್ದೆ. ಒಂದು ಹರಳು ಬಿದ್ದರೆ ಸಾಕು, ಅದನ್ನು ಹಿಡಿದುಕೊಂಡು ಮಿಕ್ಕದ್ದೆಲ್ಲ ಸಾಲುಗಟ್ಟುತ್ತದೆ. ಈಗ ಒಂದು ಬ್ರಷ್ಷನ್ನು ನೀರಲ್ಲಿ ಅದ್ದಿ ಗೋಡೆ ತೊಳೆಯುತ್ತಿರುತ್ತೇನೆ. ಕುದಿ ಹತ್ತಿದ ಮೇಲೆ ಸುಮ್ನೆ ಕಲಕುವುದೂ ಇಲ್ಲ.

ಕೇಳುತ್ತಲೇ ಇರುತ್ತೀರಿ, ಹೇಳಿಬಿಡುತ್ತೇನೆ. ಒಂದು ಲೀಟರ್ ತಿಳಿ ಸೇಬಿನ ರಸ, ಅರ್ಧ ಕೆಜಿ ಸಕ್ಕರೆ, ಒಂದು ದೊಡ್ಡ ನಿಂಬೆಹಣ್ಣಿನ ರಸ. ಅಗಲ ಬಾಯಿಯ, ದಪ್ಪ ತಳದ ಪಾತ್ರೆ. ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಸಕ್ಕರೆ ಕರಗುವ ತನಕ ಕಲಕಿ, ಆಮೇಲೆ ಉರಿ ಇಳಿಸಿ. ಒಂದು ಗಂಟೆಗೂ ಮೇಲೆ ಬೇಕಾಗುತ್ತದೆ, ಅವಸರ ಮಾಡಿದರೆ ಜೋಡಿ ಬಿಡಿಸಿಕೊಳ್ಳಲು ಹೊತ್ತು ಸಿಗುವುದಿಲ್ಲ. ಕೊನೆಯ ಹತ್ತು ನಿಮಿಷ ಒಣಗಿದ ಕ್ಯಾಮೊಮೈಲ್ ಹೂವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಡುತ್ತೇನೆ. ಜೇನು ಎಂದೊಡನೆ ಮೂಗಿಗೆ ನೆನಪಾಗುವ ಆ ಹೂವಿನ ವಾಸನೆ ಅಲ್ಲಿಂದ ಬರುತ್ತದೆ. ಗಂಟು ಹಿಂಡಬೇಡಿ, ಕಹಿ ಇಳಿಯುತ್ತದೆ.

ಯಾವಾಗ ಇಳಿಸಬೇಕು? ಇಲ್ಲಿ ಎಲ್ಲರೂ ಎಡವುತ್ತಾರೆ. ಬಿಸಿಯಲ್ಲಿ ನೋಡಿದರೆ ನೀರಿನ ಹಾಗಿರುತ್ತದೆ, ಇನ್ನೂ ಗಟ್ಟಿಯಾಗಲಿ ಎಂದು ಬಿಟ್ಟರೆ ತಣ್ಣಗಾದ ಮೇಲೆ ಮಿಠಾಯಿ. ಥರ್ಮಾಮೀಟರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಎತ್ತರದ ಊರಿನಲ್ಲಿ ಕುದಿಯುವ ಬಿಸಿಯೇ ಇಳಿಯುತ್ತದೆ, ಸಕ್ಕರೆ ಎಷ್ಟು ಒಡೆದಿದೆ ಎನ್ನುವುದರ ಮೇಲೂ ಆ ಅಂಕಿ ಬದಲಾಗುತ್ತದೆ. ನಾನು ತೂಕ ನೋಡುತ್ತೇನೆ. ಲೀಟರ್ ರಸದಲ್ಲಿ ಸಕ್ಕರೆ 110 ಗ್ರಾಂ ಆಸುಪಾಸು. ಹಾಕಿದ್ದು 500. ಒಟ್ಟು 610. ಇದು ಪಾಕದ ನೂರಕ್ಕೆ ಎಂಬತ್ತು ಪಾಲು ಆಗಬೇಕು, ಅಂದರೆ ಪಾತ್ರೆಯ ತೂಕ ಕಳೆದು 760 ಗ್ರಾಂ ಉಳಿದಾಗ ಒಲೆ ಆರಿಸಬೇಕು. ಇದಕ್ಕಿಂತ ನೀರು ಜಾಸ್ತಿ ಉಳಿದರೆ ಕೆಲವು ದಿನಕ್ಕೆ ಗುಳ್ಳೆ ಎದ್ದು ಹುಳಿ ವಾಸನೆ ಬರುತ್ತದೆ. ಜೇನು ಕೆಡದಿರುವುದಕ್ಕೂ ಒಂದು ದೊಡ್ಡ ಕಾರಣ ಅದರಲ್ಲಿ ನೀರು ಅಷ್ಟು ಕಡಿಮೆ ಇರುವುದು. ಆದರೂ ನನ್ನ ಬಾಟಲಿಯನ್ನು ನಾನು ಫ್ರಿಜ್ಜಿನಲ್ಲೇ ಇಡುತ್ತೇನೆ.

ಇಷ್ಟೆಲ್ಲ ಲೆಕ್ಕ ಹಾಕಿ, ಗಂಟೆಗಟ್ಟಲೆ ಒಲೆ ಮುಂದೆ ನಿಂತು ಮಾಡಿದ್ದು “ಬರೀ”.

ಈಗ ನೀವು ಎತ್ತುವ ಮಾತು ನನಗೆ ಗೊತ್ತು. “ಜೇನಿನಲ್ಲಿ ಕಿಣ್ವ ಇದೆ, ಪರಾಗ ಇದೆ, ಔಷಧಿ ಗುಣ ಇದೆ. ನಿನ್ನದರಲ್ಲಿ ಇದೆಯಾ?” ಇಲ್ಲ. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಜೇನಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ, ರೋಗಾಣುಗಳನ್ನು ತಡೆಯುವ ಶಕ್ತಿ ಬಹುಪಾಲು ಅದರಿಂದ ಬರುತ್ತದೆ. ನನ್ನ ಪಾಕದಲ್ಲಿ ಅದು ಇಲ್ಲ, ಇದೆ ಎಂದು ನಾನು ಯಾವತ್ತೂ ಹೇಳಿಲ್ಲ. ಆದರೆ ಆ ಹಿರಿಯರು ಬ್ರೆಡ್ಡಿಗೆ ಹಚ್ಚಿಕೊಂಡದ್ದು ಗಾಯದ ಮದ್ದನ್ನಲ್ಲ, ಸಿಹಿಯನ್ನು. ಕುದಿಯುವ ಚಹಾಕ್ಕೆ ಜೇನು ಸುರಿಯುವವರು, ಕೇಕಿಗೆ ಹಾಕಿ ಬೇಯಿಸುವವರು ಕಿಣ್ವದ ಮಾತಾಡಬಾರದು. ಆ ಬಿಸಿಗೆ ಕಿಣ್ವ ಉಳಿಯುವುದಿಲ್ಲ.

ಇನ್ನು ಆರೋಗ್ಯ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯ ಬಗ್ಗೆ ಸಲಹೆ ಕೊಟ್ಟಾಗ, ಕಡಿಮೆ ಮಾಡಬೇಕಾದ ಸಕ್ಕರೆಗಳ ಜೊತೆಗೇ ಜೇನನ್ನೂ ಸೇರಿಸಿದೆ. ಪಾಕಗಳನ್ನೂ ಸೇರಿಸಿದೆ, ಹಣ್ಣಿನ ರಸವನ್ನೂ ಸೇರಿಸಿದೆ. ಮೂರೂ ಒಂದೇ ಸಾಲಿನಲ್ಲಿ. ನನ್ನ ಪಾಕವನ್ನು ನಾನೂ ಚಮಚದಲ್ಲಿ ಅಳೆದೇ ತಿನ್ನುತ್ತೇನೆ, ಜೇನನ್ನೂ ಹಾಗೇ ತಿನ್ನಬೇಕು. ಎಳೆ ಮಕ್ಕಳ ವಿಷಯವನ್ನೂ ಹೇಳಿಬಿಡುತ್ತೇನೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು, ಅದರಲ್ಲಿ ಬಾಟ್ಯುಲಿಸಂ ಎಂಬ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಹಾಗಾದರೆ ನಿನ್ನ ಪಾಕ ಕೊಡಬಹುದಾ ಎಂದು ಒಬ್ಬರು ಕೇಳಿದ್ದರು. ದಯವಿಟ್ಟು ಕೊಡಬೇಡಿ. ಆ ವಯಸ್ಸಿನ ಮಗುವಿಗೆ ಯಾವ ಸಿಹಿ ಪಾಕವೂ ಬೇಡ.

“ಸೇಬು ಕಾಯಿ ಕಟ್ಟಲೂ ಜೇನುನೊಣ ಬೇಕಲ್ವಾ?” ಎಂದು ಕೇಳಿದವರೂ ಇದ್ದಾರೆ. ಬೇಕು. ಜೇನುನೊಣ ಬೇಕು, ಬೇರೆ ದುಂಬಿಗಳೂ ಬೇಕು. ಜಗತ್ತಿನಲ್ಲಿ ದುಂಬಿ, ಜೇನುನೊಣ ಎಲ್ಲ ಸೇರಿ 20,000ಕ್ಕೂ ಹೆಚ್ಚು ಜಾತಿಗಳಿವೆ. ಅವು ಹೂವಿಗೆ ಬಂದು ತಮ್ಮ ಊಟ ತೆಗೆದುಕೊಂಡು ಹೋಗಲಿ. ಗೂಡಿನಲ್ಲಿ ಕೂಡಿಟ್ಟದ್ದು ನನಗೆ ಬೇಡ ಎನ್ನುತ್ತಿದ್ದೇನೆ, ಅಷ್ಟೇ. ಸಕ್ಕರೆಯ ವಿಷಯದಲ್ಲೂ ವಿಚಾರಿಸಿಯೇ ಕೊಳ್ಳುತ್ತೇನೆ. ಕೆಲವು ಕಾರ್ಖಾನೆಗಳಲ್ಲಿ ಕಬ್ಬಿನ ಸಕ್ಕರೆಯನ್ನು ಬಿಳಿ ಮಾಡಲು ಮೂಳೆಯ ಇದ್ದಿಲು ಬಳಸುತ್ತಾರೆ. ಕೆಲವು ಹಣ್ಣಿನ ರಸಗಳನ್ನು ತಿಳಿ ಮಾಡಲು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಬಳಸುವುದೂ ಉಂಟು.

ಇಷ್ಟು ಹಟ ಯಾಕೆ ಎಂದು ಹತ್ತಿರದವರೂ ಕೇಳಿದ್ದಾರೆ. ಇಲ್ಲಿಯವರೆಗೆ ಹೇಳಿರಲಿಲ್ಲ. ನನಗೆ ಆಗ ಎಂಟು ವರ್ಷ. ಮರದಿಂದ ಒಂದು ಜೇನುಹುಟ್ಟು ಇಳಿಸಿದ್ದರು. ಹೊಗೆಯ ವಾಸನೆ ಇನ್ನೂ ಇತ್ತು. ಎರಿಯನ್ನು ಬಟ್ಟೆಯಲ್ಲಿ ಹಾಕಿ ಹಿಂಡಿದರು. ಹೊಂಬಣ್ಣದ ಜೇನಿನ ಜೊತೆ ಬೆಳ್ಳಗೆ ಏನೋ ಇಳಿಯಿತು. ಏನದು ಎಂದು ಬಟ್ಟೆ ಬಿಚ್ಚಿ ನೋಡಿದೆ. ಮರಿಹುಳುಗಳು. ಅಕ್ಕಿಕಾಳಿನ ಹಾಗೆ ಬೆಳ್ಳಗೆ, ಮೆತ್ತಗೆ, ಕೆಲವು ಇನ್ನೂ ಅಲುಗಾಡುತ್ತಿದ್ದವು. ಪೆಟ್ಟಿಗೆಯಲ್ಲಿ ಸಾಕುವವರು ಹಾಗೆ ಹಿಂಡುವುದಿಲ್ಲ, ಮರಿ ಇರುವ ಎರಿಯನ್ನು ಬಿಟ್ಟು ಜೇನನ್ನು ಯಂತ್ರದಲ್ಲಿ ತಿರುಗಿಸಿ ತೆಗೆಯುತ್ತಾರೆ, ನನಗೆ ಗೊತ್ತು. ಆದರೂ ಜೇನಿನ ಚಮಚ ಬಾಯಿಗಿಟ್ಟಾಗೆಲ್ಲ ಆ ಬಟ್ಟೆ ಕಣ್ಣ ಮುಂದೆ ಬರುತ್ತಿತ್ತು. ಒಂದು ಕೆಲಸಗಾರ ನೊಣ ತನ್ನ ಇಡೀ ಆಯುಸ್ಸಿನಲ್ಲಿ ಮಾಡುವ ಜೇನು ಒಂದು ಟೀ ಚಮಚದ ಹನ್ನೆರಡರಲ್ಲಿ ಒಂದು ಪಾಲು ಎಂದು ಆಮೇಲೆ ಓದಿದೆ. ಅಂದೇ ಬಿಟ್ಟೆ. ಸಿಹಿ ಬಿಡಲು ಆಗಲಿಲ್ಲ, ಆ ಎಳೆ, ಆ ವಾಸನೆ ಬಿಡಲು ಆಗಲಿಲ್ಲ. ಅದಕ್ಕೇ ಈ ಒಲೆ, ಈ ತಕ್ಕಡಿ.

ನಕಲಿ ಎನ್ನುತ್ತೀರಾ? ಸಕ್ಕರೆ ಪಾಕ ಬೆರೆಸಿ ಮೇಲೆ ಜೇನು ಎಂದು ಚೀಟಿ ಅಂಟಿಸಿ ಮಾರುವುದು ನಕಲಿ. ಅವರ ಮೇಲೆ ನನಗೆ ನಿಮಗಿಂತ ಜಾಸ್ತಿ ಸಿಟ್ಟಿದೆ. ನನ್ನ ಬಾಟಲಿ ಮೇಲೆ “ಸೇಬಿನ ಹೂಪಾಕ” ಎಂದು ನನ್ನ ಕೈಯಲ್ಲೇ ಬರೆದಿರುತ್ತೇನೆ. ಜೇನುನೊಣ ಮಾಡಿದ್ದಕ್ಕೆ ಮಾತ್ರ ಜೇನು ಎನ್ನಬೇಕು ಎಂದು ಆಹಾರದ ಅಂತರರಾಷ್ಟ್ರೀಯ ಮಾನದಂಡವಾದ ಕೋಡೆಕ್ಸ್ ಹೇಳುತ್ತದೆ, ನನಗದು ಪೂರ್ತಿ ಒಪ್ಪಿಗೆ. ಆ ಹೆಸರು ನೊಣದ್ದು. ನನ್ನದಕ್ಕೆ ಬೇರೆ ಹೆಸರಿದೆ. ಆ ಹೆಸರಿನಿಂದಲೇ ಅದನ್ನು ಕರೆಯಿರಿ, ಆ ಹೆಸರಿನಲ್ಲೇ ರುಚಿ ನೋಡಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎನ್ನಿ. “ಬರೀ” ಎನ್ನಬೇಡಿ.

ಇದನ್ನು ಬರೆಯುತ್ತಿರುವಾಗಲೇ ಗೆಳತಿಯ ಅತ್ತೆ ಫೋನ್ ಮಾಡಿದರು. ನಿನ್ನೆ ಊಟದ ಹೊತ್ತಿನಲ್ಲಿ ಅವರು ಒಂದು ಮಾತೂ ಆಡಿರಲಿಲ್ಲ. ಈಗ ಹಿಂದಿನಿಂದ ಪಾತ್ರೆಯ ಸದ್ದು ಕೇಳುತ್ತಿತ್ತು.

“ಏನಮ್ಮ, ನಿಂಬೆಹಣ್ಣು ಮೊದಲೇ ಹಿಂಡಬೇಕಾ, ಕೊನೆಗಾ?”

“ಮೊದಲೇ ಹಿಂಡಿ ಅಮ್ಮ” ಎಂದೆ. “ಅದಕ್ಕೆ ತುಂಬಾ ಕೆಲಸ ಇದೆ.”