ಮಿಷನ್ ಸುಳ್ಳು ಹೇಳಲ್ವಂತೆ!

ಹತ್ತು ಸಾವಿರ ರೂಪಾಯಿ ಕಟ್ಟಿ ಬಂದೆ. ಕುಡಿಯದೇ ಇದ್ದವನು ಕುಡಿದಿದ್ದೆ ಅಂತ ಒಪ್ಪಿಕೊಂಡು, ಸಹಿ ಹಾಕಿ, ರಸೀದಿ ತಗೊಂಡು ಬಂದೆ. ಮೈಯೆಲ್ಲ ಉರಿಯುತ್ತಿದೆ.

ಕುಡಿದು ಗಾಡಿ ಓಡಿಸುವವರ ಪರವಾಗಿ ಬರೆಯುತ್ತಿದ್ದೇನೆ ಅಂತ ಯಾರೂ ಶುರು ಮಾಡಬೇಡಿ. ಅಂಥವರನ್ನು ಹಿಡಿಯಲಿ, ದಂಡ ಹಾಕಲಿ, ಜೈಲಿಗೂ ಕಳಿಸಲಿ. ನನ್ನ ಸಿಟ್ಟು ಇರುವುದು ಕುಡಿದಿದ್ದಾರಾ ಅಂತ ಉಸಿರು ಊದಿಸಿ ನೋಡುವ ಅಂಗೈಯಗಲದ ಆ ಡಬ್ಬಿ ಹೇಳಿದ್ದೇ ವೇದವಾಕ್ಯ ಅಂತ ನಡೆದುಕೊಳ್ಳುವವರ ಮೇಲೆ.

ಆಗಿದ್ದಿಷ್ಟು. ರಾತ್ರಿ ಊಟ ಮುಗಿಸಿ ಎಂದಿನಂತೆ ಎರಡು ಮುಚ್ಚಳ ದ್ರಾಕ್ಷಾಸವ ಕುಡಿದೆ. ಅಜೀರ್ಣಕ್ಕೆ ನಮ್ಮ ಆಯುರ್ವೇದ ವೈದ್ಯರು ಬರೆದುಕೊಟ್ಟದ್ದು. ಅಷ್ಟರಲ್ಲಿ ಅತ್ತೆ ಫೋನ್ ಮಾಡಿದರು, ಬಸ್ ಆಗಲೇ ಬಂದುಬಿಟ್ಟಿದೆ ಅಂತ. ಸ್ಕೂಟರ್ ತೆಗೆದೆ. ಎರಡನೇ ಸರ್ಕಲ್‌ನಲ್ಲೇ ಬ್ಯಾರಿಕೇಡ್. "ಊದಿ ಸಾರ್" ಅಂದರು ಪೊಲೀಸರು. ಊದಿದೆ. ಕೀಂಯ್ ಅಂತು. 36 ಅಂತ ತೋರಿಸಿತು. ಮಿತಿ 30.

"ಸಾರ್, ಅದು ಆಸವ. ಈಗ ತಾನೇ ತಗೊಂಡು ಬಂದೆ. ಕಾಲು ಗಂಟೆ ಬಿಟ್ಟು ಇನ್ನೊಂದು ಸಲ ಊದ್ತೀನಿ, ನೀವೇ ನೋಡಿ."

"ಎಲ್ರೂ ಒಂದೊಂದು ಕಥೆ ಹೇಳ್ತಾರೆ. ಮಿಷನ್ ಸುಳ್ಳು ಹೇಳಲ್ಲ. ಕೀ ಕೊಡಿ."

ಮುಗೀತು. ಅತ್ತೆ ಅಲ್ಲಿ ಹಪ್ಪಳ ಸಂಡಿಗೆಯ ಚೀಲ ಇಟ್ಟುಕೊಂಡು ಕಾಯುತ್ತಾ ಕೂತಿದ್ದಾರೆ, ನಾನಿಲ್ಲಿ ಫುಟ್‌ಪಾತ್ ಮೇಲೆ ಆಟೋ ಹುಡುಕುತ್ತಾ ನಿಂತಿದ್ದೇನೆ. ಊರವರ ಮುಂದೆ ಕುಡುಕ.

ಕಾಲು ಗಂಟೆ ಕೇಳಿದ್ದು ಸುಮ್ನೆ ಅಲ್ಲ. ಆಸವ, ಅರಿಷ್ಟಗಳು ಹುದುಗಿ ಆಗುವಂಥವು. ಅವುಗಳಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಬಾಟಲಿಯ ಮೇಲೇ ಬರೆದಿರುತ್ತದೆ. ಎರಡು ಮುಚ್ಚಳಕ್ಕೆ ಯಾರಿಗೂ ನಶೆ ಏರುವುದಿಲ್ಲ. ಆದರೆ ಬಾಯಲ್ಲಿ ಅದರ ಅಂಶ ಸ್ವಲ್ಪ ಹೊತ್ತು ಉಳಿಯುತ್ತದೆ. ಕೆಲವು ಮೌತ್‌ವಾಶ್‌ಗಳದ್ದೂ ಇದೇ ಕತೆ. ಹದಿನೈದು ನಿಮಿಷದಲ್ಲಿ ಅದು ಇಳಿದುಹೋಗುತ್ತದೆ. ಅದಕ್ಕೇ ಕಾದು ಮತ್ತೆ ಊದಿಸುವ ಪದ್ಧತಿ ಹೊರದೇಶಗಳಲ್ಲಿ ಇದೆ.

ಇನ್ನೊಂದು ವಿಷಯ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹೇಳುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ರಕ್ತಕ್ಕೆ! ಆ ಡಬ್ಬಿಗೆ ಸಿಗುವುದು ಬರೀ ಉಸಿರು. ಉಸಿರಲ್ಲಿ ಇಷ್ಟಿದ್ದರೆ ರಕ್ತದಲ್ಲಿ ಸುಮಾರು 2,100 ಪಟ್ಟು ಇರುತ್ತದೆ ಅಂತ ಒಂದು ಸರಾಸರಿ ಹಿಡಿದು ಲೆಕ್ಕ ಹಾಕುತ್ತಾರೆ. ಈ ಸರಾಸರಿ ಎಲ್ಲರ ದೇಹಕ್ಕೂ ಒಂದೇ ಥರ ಒಪ್ಪುವುದಿಲ್ಲ. ಜ್ವರ ಇದ್ದರೂ ಲೆಕ್ಕ ಏರುಪೇರು. ಸೆನ್ಸರ್ ಹಳತಾದರೂ ಅಷ್ಟೇ, ಆಗಾಗ ಅದರ ಅಳತೆ ಸರಿ ಮಾಡಿಸುತ್ತಿರಬೇಕು. 200 ತೋರಿಸಿದವನಿಗೆ ಇದರಿಂದ ಏನೂ ವ್ಯತ್ಯಾಸ ಆಗಲ್ಲ. 36 ತೋರಿಸಿದವನಿಗೆ ಬದುಕೇ ಅಲ್ಲಾಡುತ್ತದೆ.

ನಗಬೇಡಿ, ಕೇರಳದಲ್ಲಿ 2025ರಲ್ಲಿ ಪಂದಳಂ ಡಿಪೋದ ಸರ್ಕಾರಿ ಬಸ್ ಡ್ರೈವರುಗಳು ಹಲಸಿನ ಹಣ್ಣು ತಿಂದು ಈ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅಲ್ಲಿನವರಿಗೆ ಬುದ್ಧಿ ಇತ್ತು. ಕುಡಿದಿಲ್ಲ ಅಂತ ಮಿಷನ್ನೇ ಹೇಳಿದವನಿಗೆ ಹಲಸು ತಿನ್ನಿಸಿ ಮತ್ತೆ ಊದಿಸಿದರು. ಅವನೂ ಕುಡುಕನಾದ! ನನಗೆ ಸಿಕ್ಕಿದ್ದು "ಕೀ ಕೊಡಿ" ಮಾತ್ರ.

ಕೋರ್ಟುಗಳಿಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ಬಾಯಲ್ಲಿ ಮದ್ಯದ ವಾಸನೆ, ತೂರಾಟ ಇಷ್ಟರಿಂದಲೇ ಕುಡಿದಿದ್ದಾನೆ ಅನ್ನಲಾಗದು ಅಂತ ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಯಂತ್ರದ ರಿಪೋರ್ಟೊಂದೇ ಅಂತಿಮ ಸಾಕ್ಷಿ ಅಲ್ಲ ಅಂತ ಪಟ್ನಾ ಹೈಕೋರ್ಟ್ ಹೇಳಿದೆ. ಪ್ರತಿ ಸಲ ಊದಿಸುವ ಮುಂಚೆ ಬರೀ ಗಾಳಿ ಹಾಯಿಸಿ ಸೊನ್ನೆ ಬರುತ್ತದಾ ನೋಡಬೇಕಲ್ವಾ? 2025ರಲ್ಲಿ ಕೇರಳ ಹೈಕೋರ್ಟಿಗೆ ಬಂದ ಒಂದು ಕೇಸಿನಲ್ಲಿ ಆ ಸೊನ್ನೆಯೇ ಬಂದಿರಲಿಲ್ಲ. ಕುಡಿದು ಓಡಿಸಿದ ಆರೋಪ ಅಲ್ಲಿಗೆ ಬಿದ್ದುಹೋಯಿತು. ಅಮೆರಿಕದ ನ್ಯೂಜೆರ್ಸಿಯಲ್ಲಂತೂ ಯಂತ್ರಗಳ ಅಳತೆ ಸರಿ ಮಾಡುವಾಗ ಥರ್ಮಾಮೀಟರ್ ಇಟ್ಟು ನೋಡುವ ಒಂದು ಹಂತವನ್ನು ಒಬ್ಬ ಪೊಲೀಸ್ ಸಾರ್ಜೆಂಟ್ ಬಿಟ್ಟಿದ್ದ ಅನ್ನುವ ಆರೋಪ ಬಂತು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 20 ಸಾವಿರಕ್ಕೂ ಹೆಚ್ಚು ಪರೀಕ್ಷೆಗಳನ್ನು ನಂಬಲಾಗದು ಅಂತ ತಳ್ಳಿಹಾಕಿತು.

ನಮ್ಮ ಕಾನೂನಿನಲ್ಲೂ ದಾರಿ ಇದೆ ಅಂತ ಆಮೇಲೆ ತಿಳೀತು. ಕುಡಿದು ಓಡಿಸಿದ್ದಕ್ಕೆ ಅರೆಸ್ಟ್ ಮಾಡಿದರೆ ಎರಡು ಗಂಟೆಯೊಳಗೆ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಡಬೇಕು. ರಕ್ತ ಪರೀಕ್ಷೆಗೂ ಅವಕಾಶ ಇದೆ. ಆದರೆ ನನ್ನನ್ನು ಅರೆಸ್ಟೇ ಮಾಡಲಿಲ್ಲವಲ್ಲ! ಗಾಡಿ ಹಿಡಿದಿಟ್ಟುಕೊಂಡು, ಕೈಗೊಂದು ಚೀಟಿ ಕೊಟ್ಟು, "ಕೋರ್ಟಿಗೆ ಹೋಗಿ" ಅಂದರು. ಅರೆಸ್ಟ್ ಇಲ್ಲ, ಡಾಕ್ಟರೂ ಇಲ್ಲ. ಎಷ್ಟು ಸಲೀಸು ನೋಡಿ. "ರಕ್ತ ತೆಗೆಸಿ ಸಾರ್" ಅಂತ ಕೇಳಿದ್ದಕ್ಕೆ ಪಕ್ಕದಲ್ಲಿದ್ದವರು ನಕ್ಕರು.

ವಕೀಲರನ್ನು ಕಂಡೆ. ಅವರು ಪ್ರಾಮಾಣಿಕವಾಗಿಯೇ ಹೇಳಿದರು. "ಕೇಸ್ ನಡೆಸಬಹುದು. ಡೇಟ್ ಮೇಲೆ ಡೇಟ್ ಬೀಳುತ್ತೆ. ಪ್ರತಿ ಸಲ ರಜೆ ಹಾಕಬೇಕು. ಗಾಡಿ ಬಿಡಿಸೋಕೆ ಬೇರೆ ಅರ್ಜಿ. ತಪ್ಪೊಪ್ಪಿಕೊಂಡ್ರೆ ಹತ್ತು ಸಾವಿರ, ಇವತ್ತೇ ಮುಗಿಯುತ್ತೆ." ಕೋರ್ಟ್ ಹಾಲ್ ಹೊರಗೆ ನನ್ನ ಹಾಗೇ ಚೀಟಿ ಹಿಡಿದವರ ಸಾಲು. ಫುಡ್ ಡೆಲಿವರಿಯ ಟೀಶರ್ಟ್ ಹಾಕಿದ್ದ ಒಬ್ಬ ಹುಡುಗ ಮೊಬೈಲಲ್ಲಿ ಯಾರ ಹತ್ತಿರವೋ ಸಾಲ ಕೇಳುತ್ತಿದ್ದ. ಅವನು ಕುಡಿದಿದ್ದನೋ ಇಲ್ಲವೋ ಗೊತ್ತಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ. ಹೆಸರು ಕರೆದರು, ಒಪ್ಪಿಕೊಂಡ, ಮುಂದಿನವನು ಬಂದ.

ಅಂದರೆ ಮಿಷನ್ ಸರಿ ಇದೆಯಾ ಅನ್ನುವ ಪ್ರಶ್ನೆ ಜಡ್ಜ್ ಮುಂದೆ ಬರುವುದೇ ಇಲ್ಲ. ಬರಬೇಕಾದರೆ ಯಾರಾದರೂ ಹೋರಾಡಬೇಕು. ಹೋರಾಡಿದರೆ ದಂಡಕ್ಕಿಂತ ಜಾಸ್ತಿ ಖರ್ಚು. ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಎಲ್ಲರೂ ಒಪ್ಪಿಕೊಂಡರಲ್ಲ, ಮಿಷನ್ ಸರಿಯಾಗೇ ಇದೆ ಅಂತ ಇವರು ಬೀಗುತ್ತಾರೆ. ದರಿದ್ರ ವ್ಯವಸ್ಥೆ. ನನ್ನ ಡಿಎಲ್ ಈಗ ಸಸ್ಪೆನ್ಷನ್‌ಗೆ ಅಂತ ಆರ್‌ಟಿಓ ಆಫೀಸಿಗೆ ಹೋಗಿದೆ. ಮತ್ತೊಮ್ಮೆ ಆಸವ ಕುಡಿದು ಸಿಕ್ಕಿಬಿದ್ದರೆ 15 ಸಾವಿರ, ಇಲ್ಲವೇ ಎರಡು ವರ್ಷದವರೆಗೆ ಜೈಲು.

ನನಗೆ ಊದಿಸಿದ ಆ ಮಿಷನ್ನನ್ನು ಕೊನೆಯ ಸಲ ಯಾವತ್ತು ಸರಿ ಮಾಡಿಸಿದ್ದು, ಅದರ ಸರ್ಟಿಫಿಕೇಟ್ ಎಲ್ಲಿದೆ ಅಂತ ಕೇಳಿ ಆರ್‌ಟಿಐ ಅರ್ಜಿ ಹಾಕಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಇಂಥ ಅರ್ಜಿಗೆ ನೆಟ್ಟಗೆ ಉತ್ತರ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ. ಯಾವ ಮಾತುಗಳಲ್ಲಿ ಕೇಳಿದಿರಿ ಅನ್ನೋದನ್ನೂ ಬರೆಯಿರಿ.